ಕಮಲಾಪುರದ ದಾರಿಯೂ ನಮ್ಮ ಸೈಕಲ್ಲಿನ ಪೀಠವೂ

ಕಲಬುರಗಿಯಿಂದ ಕಮಲಾಪುರವು ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲೆ ಸುಮಾರು 36 ಕಿಲೋಮೀಟರು ದೂರದಲ್ಲಿರುವುದು. ಬಸ್ಸಿನಲ್ಲಿ ಹೋಗುವವರಿಗೆ ಇದು ನಿದ್ದೆಯ ದಾರಿ; ಒಂದು ತೂಕಡಿಕೆ ಮುಗಿಯುವಷ್ಟರಲ್ಲಿ ಕಂಡಕ್ಟರನು ಊರಿನ ಹೆಸರನ್ನು ಕೂಗಿರುತ್ತಾನೆ. ನಾವಾದರೋ ಈ ದಾರಿಯನ್ನು ನಿವೃತ್ತರಾದಂದಿನಿಂದ, ಎಂದರೆ ಎರಡು ವರ್ಷಗಳಿಂದ, ಹದಿನೈದು ದಿನಗಳಿಗೊಮ್ಮೆ ಸೈಕಲ್ಲಿನ ಮೇಲೆ ಹೋಗಿಬರುತ್ತಿರುವೆವು. ಅರುವತ್ತು ದಾಟಿದ ಮನುಷ್ಯನಿಗೆ ಇದೇನು ಹುಚ್ಚೆಂದು ಕೇಳುವವರು ನಮ್ಮ ಮನೆಯಲ್ಲಿಯೇ ಇರುವುದರಿಂದ, ವಾಚಕರೂ ಹಾಗೆ ಕೇಳಿದರೆ ನಾವು ಬೇಸರಪಡತಕ್ಕದ್ದಿಲ್ಲ. ಕಾರಣವನ್ನು ಮೊದಲೇ ಹೇಳಿಬಿಡುವೆವು.

ಕಮಲಾಪುರದಲ್ಲಿ ನಮ್ಮ ಸ್ನೇಹಿತರೊಬ್ಬರಿರುವರು. ಬಹುಕಾಲ ಒಂದೇ ಶಾಲೆಯಲ್ಲಿ ನಾವು ಸಂಸ್ಕೃತವನ್ನೂ ಅವರು ಗಣಿತವನ್ನೂ ಕಲಿಸಿದೆವು. ನಮಗಿಂತ ಆರು ವರ್ಷ ಹಿರಿಯರು. ಗ್ಲಾಕೋಮಾ ಎಂಬ ರೋಗದಿಂದ ಈಗ ಅವರ ಎರಡು ಕಣ್ಣುಗಳೂ ಹೋಗಿವೆ. ಕಣ್ಣಿನ ಪೊರೆಯಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಬೆಳಕು ಮರಳುತ್ತಿತ್ತು. ಈ ರೋಗದಲ್ಲಿ ಕಣ್ಣಿನ ನರವೇ ಕೆಡುವುದರಿಂದ ಹೋದ ದೃಷ್ಟಿ ಹೋದದ್ದೇ ಸರಿ. ಇದು ಬಹುಮಟ್ಟಿಗೆ ನೋವಿಲ್ಲದೆ ಬರುವ ಕಳ್ಳನಾದುದರಿಂದ, ನಲವತ್ತು ದಾಟಿದವರು ಕಣ್ಣಿನ ಒತ್ತಡವನ್ನು ಆಗಾಗ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ನಡುವೆ ಒಂದು ಮಾತು ಹೇಳಿ ಮುಂದುವರಿಯುವೆವು. ನಾವು ಹೋದಾಗಲೆಲ್ಲ ಭಾಸ್ಕರಾಚಾರ್ಯರ ಲೀಲಾವತಿಯನ್ನು ಹಿಡಿದು ಕೂರುವೆವು. ಶ್ಲೋಕವನ್ನು ನಾವು ಓದಿ ಅನ್ವಯ ಹೇಳಿದರೆ, ಲೆಕ್ಕವನ್ನು ಅವರು ಕಾಗದವಿಲ್ಲದೆ ಬಿಡಿಸುವರು. ನಮ್ಮಿಬ್ಬರ ವಿದ್ಯೆಗಳೂ ಒಂದೇ ಪುಸ್ತಕದಲ್ಲಿ ಸೇರಿರುವುದು ನಮ್ಮ ಪುಣ್ಯ.

ಆದರೆ ಪುಸ್ತಕವನ್ನು ಬಿಚ್ಚುವ ಮೊದಲು ಅವರು ಕೇಳುವ ಪ್ರಶ್ನೆ ಒಂದೇ: “ದಾರ‍್ಯಾಗ ಏನೇನ ಇತ್ತ್ರೀ, ಪಂಡಿತರ?” ತೊಗರಿ ಎಷ್ಟೆತ್ತರಕ್ಕೆ ಬಂದಿದೆ, ಜೋಳ ತೆನೆ ಹಿರಿದಿದೆಯೇ, ಕುರಿಕೋಟಾ ಸೇತುವೆಯ ಕೆಳಗೆ ನೀರು ಎಲ್ಲಿಯವರೆಗೆ ನಿಂತಿದೆ, ಯಾವ ಹೊಲಕ್ಕೆ ಹೊಸದಾಗಿ ಬೇಲಿ ಬಿದ್ದಿದೆ, ಇವೆಲ್ಲವೂ ಅವರಿಗೆ ಬೇಕು. ಒಂದು ಸಲ ಮಳೆಗೆ ಹೆದರಿ ಬಸ್ಸಿನಲ್ಲಿ ಹೋದೆವು. ಪ್ರಶ್ನೆಗೆ ಉತ್ತರವಿರಲಿಲ್ಲ. ನಿದ್ದೆ ಹತ್ತಿತ್ತೆಂದು ಒಪ್ಪಿಕೊಂಡೆವು. ಅವರು ನಕ್ಕರು; ಆದರೆ ಅಂದು ಲೀಲಾವತಿಯ ಲೆಕ್ಕವೊಂದು ತಪ್ಪಿತು, ಮತ್ತು ಅದು ಕಠಿನವಾದ ಲೆಕ್ಕವಾಗಿರಲಿಲ್ಲ.

ಹೀಗಿರಲು, ಕಳೆದ ವರ್ಷದ ಚಳಿಗಾಲದಲ್ಲಿ ನಮಗೊಂದು ತೊಂದರೆ ಪ್ರಾಪ್ತವಾಯಿತು. ನಮ್ಮ ಸೈಕಲ್ಲು ಪುಣೆಯಲ್ಲಿರುವ ಮಗನು ಕೊಡಿಸಿದ ಹೊಸ ಮಾದರಿಯದು; ಗೇರುಗಳುಳ್ಳದ್ದು, ಹಗುರವಾದದ್ದು. ಅದರ ಪೀಠವು (ಅಂಗಡಿಯವರು ಸೀಟೆನ್ನುವರು) ಕಿರಿದಾಗಿ, ನಡು ಉಬ್ಬಿ, ಬಾತುಕೋಳಿಯ ಕೊಕ್ಕಿನಂತೆ ಮುಂದೆ ಚಾಚಿಕೊಂಡಿತ್ತು. ಊರೊಳಗೆ ಬ್ರಹ್ಮಪುರದಿಂದ ಸೂಪರ್ ಮಾರ್ಕೆಟ್ಟಿಗೆ ಹೋಗಿಬರಲು ಯಾವ ಪೀಠವಾದರೂ ಆದೀತು. ದೂರದ ದಾರಿಯಲ್ಲಿ ಅದರ ಗುಣ ಹೊರಬೀಳುವುದು. ಕಪನೂರಿನ ಕಾರ್ಖಾನೆಗಳನ್ನು ದಾಟುವವರೆಗೆ ಏನೂ ಇಲ್ಲ. ಆಮೇಲೆ ಸಣ್ಣ ಉರಿ. ಮಹಾಗಾಂವ ಕ್ರಾಸಿಗೆ ಬರುವಷ್ಟರಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ಸರಿದು ಕೂರುವ ಅವಸ್ಥೆ. ಇಷ್ಟಾಗಿದ್ದರೆ ಸಹಿಸುತ್ತಿದ್ದೆವು. ಒಂದು ದಿನ ಕುರಿಕೋಟಾ ಸೇತುವೆಯ ಮೇಲೆ ಇಳಿದು ನಿಂತಾಗ ತೊಡೆಗಳ ಸಂದಿನಲ್ಲಿ ಸ್ಪರ್ಶಜ್ಞಾನವೇ ಇಲ್ಲದಂತೆ ಜೋಮು ಹಿಡಿದಿತ್ತು. ಅದು ಬಿಡಲು ಸಂಜೆಯಾಯಿತು. ನಮಗೆ ಭಯವಾಯಿತು.

ವೈದ್ಯರು ಪರೀಕ್ಷಿಸಿ, ಪೀಠದ ಒತ್ತಡವು ಎಲುಬಿನ ಮೇಲೆ ಬೀಳದೆ ನಡುವಿನ ಮೃದುಭಾಗದ ನರ ಮತ್ತು ರಕ್ತನಾಳಗಳ ಮೇಲೆ ಬೀಳುತ್ತಿರುವುದೆಂದೂ, ಇದನ್ನು ಅಲಕ್ಷಿಸಿದರೆ ಜೋಮು ಸ್ಥಿರವಾಗಿ ನಿಲ್ಲಬಹುದೆಂದೂ, ಪೀಠವನ್ನು ಬದಲಿಸಿ ಇಲ್ಲವೆ ಸೈಕಲ್ಲನ್ನು ಬಿಡಿರೆಂದೂ ಹೇಳಿದರು. ಎರಡು ಪಕ್ಷ ನಾವು ಕಮಲಾಪುರಕ್ಕೆ ಹೋಗಲಿಲ್ಲ. ಫೋನಿನಲ್ಲಿ ಸ್ನೇಹಿತರು “ಬಸ್ಸಿನಾಗ ಬರ್ರಿ, ಏನಾಯ್ತು” ಎಂದರು. ಆದರೆ ‘ದಾರಿಯಲ್ಲಿ ಏನಿತ್ತು’ ಎಂದು ಕೇಳಲಿಲ್ಲ. ಅವರು ಕೇಳದೆ ಇದ್ದುದು ನಮ್ಮನ್ನು ಹೆಚ್ಚಾಗಿ ಚುಚ್ಚಿತು.

ಪೀಠದ ಶೋಧನೆ ಹೀಗೆ ಆರಂಭವಾಯಿತು.

ಎಲ್ಲರೂ ಮಾಡುವ ತಪ್ಪನ್ನೇ ನಾವೂ ಮೊದಲು ಮಾಡಿದೆವು. ನೋವಾದರೆ ಮೆತ್ತಗಿನದು ಬೇಕೆಂಬುದು ಲೋಕದ ತರ್ಕವಷ್ಟೆ. ಪೇಟೆಯಲ್ಲಿ ಅಂಟಿನ ಪಾಕದಂತಹ ಜೆಲ್ಲನ್ನು ತುಂಬಿದ ಅಗಲವಾದ ಪೀಠವೊಂದು ಸಿಕ್ಕಿತು. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಬೆಣ್ಣೆ. ಮೊದಲ ಐದು ಕಿಲೋಮೀಟರು ಸಿಂಹಾಸನವೇ ಸರಿ. ಹದಿನೈದನೆಯ ಕಿಲೋಮೀಟರಿಗೆ ಮೊದಲಿಗಿಂತಲೂ ಹೆಚ್ಚು ಜೋಮು! ಕಾರಣವನ್ನು ಆಮೇಲೆ ತಿಳಿದೆವು. ಮನುಷ್ಯನು ಕುಳಿತಾಗ ಮೈಭಾರವನ್ನು ಹೊರತಕ್ಕವು ಸೊಂಟದೆಲುಬಿನ ಕೆಳತುದಿಯ ಎರಡು ಗಂಟುಗಳು. ಪೀಠವು ಅತಿ ಮೆತ್ತಗಿದ್ದರೆ ಈ ಗಂಟುಗಳು ಅದರಲ್ಲಿ ಹೂತುಹೋಗುವುವು. ಹೂತಷ್ಟೂ ನಡುವಿನ ಮೆತ್ತೆ ಮೇಲಕ್ಕೆದ್ದು ಒತ್ತಬಾರದಲ್ಲಿಯೇ ಒತ್ತುವುದು. ಹಾಸಿಗೆಯ ಗುಣವು ಪೀಠಕ್ಕೆ ದೋಷ. ಪತಂಜಲಿಗಳು ಆಸನಕ್ಕೆ ಸುಖವೊಂದನ್ನೇ ಕೇಳದೆ ಸ್ಥೈರ್ಯವನ್ನೂ ಕೇಳಿದುದನ್ನು ನಾವು ಎಷ್ಟೋ ವರ್ಷ ಮಕ್ಕಳಿಗೆ ಬೋಧಿಸಿದ್ದೆವು. ಅರ್ಥವಾದದ್ದು ಮಾತ್ರ ಎಂಟುನೂರು ರೂಪಾಯಿ ಕಳೆದ ಮೇಲೆ.

ಸೂಪರ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಎಪ್ಪತ್ತು ದಾಟಿದ ಸೈಕಲ್ ಮಿಸ್ತ್ರಿಯೊಬ್ಬರಿರುವರು. ಊರೆಲ್ಲ ಅವರನ್ನು ಚಾಚಾ ಎನ್ನುವುದು. ನಾವೂ ಹಾಗೆಯೇ ಕರೆಯುವೆವು. ನಮ್ಮ ಗೋಳನ್ನು ಕೇಳಿ ಅವರು ಪೀಠವನ್ನು ನೋಡಲೇ ಇಲ್ಲ, ನಮ್ಮನ್ನು ನೋಡಿದರು. ಗೋಡೆ ಹಿಡಿದು ಸೈಕಲ್ಲಿನ ಮೇಲೆ ಕೂರಿಸಿ, ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಲು ಹೇಳಿದರು. ಕಾಲು ನೆಟ್ಟಗಾಗಬೇಕಾದಲ್ಲಿ ಮೊಳಕಾಲು ಮಡಿಸಿಯೇ ಇತ್ತು. “ಮಾಸ್ತರ್ ಸಾಬ್, ಸೀಟು ಭಾಳ ತಳಗದ. ಕಾಲ ಭಾರ ಹೊರವಲ್ದು, ಎಲ್ಲಾ ಭಾರ ಕುಂಡಿ ಮ್ಯಾಲ ಬಿದ್ದದ” ಎಂದರು. ಗ್ರಾಮ್ಯವಾದರೂ ಮಾತು ಸತ್ಯವಾದುದರಿಂದ ತಿದ್ದದೆ ಬರೆದಿರುವೆವು. ಪೀಠವನ್ನು ಎರಡು ಬೆರಳು ಏರಿಸಿದರು. ಆಕಾಶ ನೋಡುತ್ತಿದ್ದ ಅದರ ಮೂತಿಯನ್ನು ಇಳಿಸಿ, ಮಟ್ಟದ ಕೋಲನ್ನಿಟ್ಟು ಸಮ ಮಾಡಿದರು. ಹಿಡಿಯನ್ನು ಕೊಂಚ ಮೇಲೆತ್ತಿದರು. ಅರ್ಧ ನೋವು ಅಲ್ಲಿಯೇ ಹೋಯಿತು. ಅದಕ್ಕೆ ಅವರು ತೆಗೆದುಕೊಂಡದ್ದು ಒಂದು ಚಹದ ಹಣ.

ಉಳಿದರ್ಧಕ್ಕೆ ಉಪಾಯ ಹೇಳಿದವರು ನಮ್ಮ ಗಣಿತದ ಸ್ನೇಹಿತರು. “ಪೀಠ ಹುಡುಕೂದಕ್ಕಿಂತ ಮೊದಲ ಅಳತೀ ತಗೋರಿ, ಪಂಡಿತರ” ಎಂದು ಫೋನಿನಲ್ಲಿಯೇ ವಿಧಾನವನ್ನು ಹೇಳಿದರು. ಸಾಮಾನು ಬರುವ ಅಲೆಯಲೆಯ ರಟ್ಟನ್ನು ಎರಡು ಪದರ ಮಾಡಿ, ಮನೆಯ ಶಹಾಬಾದ ಕಲ್ಲಿನ ಮೆಟ್ಟಿಲ ಮೇಲೆ ಹಾಸಿ, ಮೊಳಕಾಲುಗಳನ್ನು ಕೊಂಚ ಎತ್ತಿ, ಅದರ ಮೇಲೆ ಬಲವಾಗಿ ಕೂತೆವು. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ಗುಳಿಗಳು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 12 ಸೆಂಟಿಮೀಟರು. ಪೀಠದ ಹಿಂಭಾಗದಲ್ಲಿ ಎಲುಬು ಊರುವ ಸಮತಲವು ಇದಕ್ಕಿಂತ ಎರಡು ಮೂರು ಸೆಂಟಿಮೀಟರಾದರೂ ಹೆಚ್ಚಿರಬೇಕು. ನಮ್ಮ ಹೊಸ ಪೀಠವು ಅಂಚಿನಿಂದ ಅಂಚಿಗೆ 14 ಸೆಂಟಿಮೀಟರು ನಿಜ, ಆದರೆ ಅಂಚುಗಳೆರಡೂ ಇಳಿಜಾರು! ಎಂದರೆ ನಮ್ಮ ಎಲುಬುಗಳು ಎರಡು ವರ್ಷ ಮನೆಯ ಮಾಡಿನ ಎರಡು ಇಳಿಜಾರಿಗೆ ಕಾಲಿಟ್ಟು ಕುಳಿತಂತಿದ್ದವು. ಸ್ತ್ರೀಯರಲ್ಲಿ ಈ ಅಂತರವು ಸಾಮಾನ್ಯವಾಗಿ ಪುರುಷರಿಗಿಂತ ಹೆಚ್ಚಾದುದರಿಂದ, ಸೈಕಲ್ಲಿನ ಮೇಲೆ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿರುವ ಮನೆಯವರು ಈ ರಟ್ಟಿನ ಪರೀಕ್ಷೆಯನ್ನು ಅವಶ್ಯವಾಗಿ ಮಾಡಿನೋಡಬೇಕು. ಇನ್ನೂ ಒಂದು ಸಂಗತಿಯುಂಟು. ಬಗ್ಗಿ ಓಡಿಸುವ ಪಂದ್ಯದವರಿಗೆ ಭಾರವು ಕೈಗಳಿಗೂ ಹಂಚಿಹೋಗುವುದರಿಂದ ಕಿರಿದಾದ ಪೀಠ ಸಾಕು. ನಮ್ಮಂತೆ ನೆಟ್ಟಗೆ ಕುಳಿತು ಹೊಲ ನೋಡುತ್ತ ಹೋಗುವವರಿಗೆ ಅಗಲವೂ ಸ್ಪ್ರಿಂಗೂ ಬೇಕು.

ಆಗ ನೆನಪಾದದ್ದು ಅಟ್ಟದ ಮೇಲಿನ ಒಂದು ಗಂಟು.

ನಮ್ಮ ತಂದೆಯವರ ಹತ್ತಿರ ಆಸನ್ಸೋಲಿನಲ್ಲಿ ತಯಾರಾದ ಸೆನ್-ರ‍್ಯಾಲಿ ಸೈಕಲ್ಲಿತ್ತು. ಊರಿನ ಹೆಸರಿನಲ್ಲಿಯೇ ಆಸನವಿದೆಯೆಂದು ಹುಡುಗರಾಗಿದ್ದ ನಾವು ಹಿಗ್ಗುತ್ತಿದ್ದೆವು. ಆ ಹೆಸರು ಬಂದುದು ಒಂದು ಜಾತಿಯ ಮರದಿಂದೆಂದು ಹೇಳುವರೆಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು. ಸೈಕಲ್ಲು ಎಂದೋ ಗುಜರಿಗೆ ಹೋಯಿತು. ಅದರ ತೊಗಲಿನ ಪೀಠವನ್ನು ಮಾತ್ರ ತಾಯಿಯವರು ಬಿಚ್ಚಿಸಿ ಇಟ್ಟಿದ್ದರು. ಏಕೆಂದು ನಾವು ಕೇಳಿರಲಿಲ್ಲ. ಗಂಟು ಬಿಚ್ಚಿದಾಗ ತೊಗಲು ಹಪ್ಪಳದಂತೆ ಒಣಗಿ ಬಿರಿದಿತ್ತು. ಬಿರುಕುಗಳ ನಡುವೆ ತಂದೆಯವರ ಭಾರದಿಂದಾದ ಎರಡು ತಗ್ಗುಗಳು ಇನ್ನೂ ಕಾಣುತ್ತಿದ್ದವು. ಬೆರಳಿನಿಂದ ಸವರಿದೆವು. ತೊಗಲು ಮುರಿದು ಕೈಗೆ ಬಂದಿತು. ಆ ಹೊತ್ತು ಅಟ್ಟದಿಂದ ಇಳಿಯಲು ಸ್ವಲ್ಪ ತಡವಾಯಿತು.

ತೊಗಲಿನ ಪೀಠದ ಪ್ರಸ್ತಾಪ ಬಂದುದರಿಂದ ಅದರ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳುವೆವು. 1817ರಲ್ಲಿ ಜರ್ಮನಿಯ ಡ್ರೈಸ್ ಎಂಬಾತನು ಮಾಡಿದ ದ್ವಿಚಕ್ರಿಗೆ ಪೆಡಲೇ ಇರಲಿಲ್ಲ. ಕಾಲಿನಿಂದ ನೆಲವನ್ನು ಒದ್ದು ಓಡಿಸಬೇಕಾಗಿತ್ತು. 1860ರ ದಶಕದಲ್ಲಿ ಪೆಡಲು ಬಂದಿತು. ಕಬ್ಬಿಣದ ಪಟ್ಟಿಯ ಆ ಚಕ್ರಗಳ ಗಾಡಿಗೆ ಇಂಗ್ಲೆಂಡಿನ ಜನ ಎಲುಬು ಕುಲುಕುವ ಯಂತ್ರವೆಂದೇ ಹೆಸರಿಟ್ಟರು. 1885ರಲ್ಲಿ ಸ್ಟಾರ್ಲೆ ಎಂಬವರ ರೋವರ್ ಸೈಕಲ್ಲು ಇಂದಿನ ರೂಪವನ್ನು ಕೊಟ್ಟಿತು. 1888ರಲ್ಲಿ ಡನ್ಲಪ್ ಎಂಬ ಪಶುವೈದ್ಯರು ಗಾಳಿಯ ಟಯರನ್ನು ಕೊಟ್ಟರು. ಇವೆರಡಕ್ಕೂ ಮುಂಚೆಯೇ, 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕುದುರೆಯ ಜೀನು ಲಗಾಮುಗಳ ವ್ಯಾಪಾರ ತೆರೆದ ಜಾನ್ ಬೌಲ್ಟ್‌ಬೀ ಬ್ರೂಕ್ಸರು, ತಮ್ಮ ಕುದುರೆ ಸತ್ತುದರಿಂದ ಸೈಕಲ್ಲನ್ನು ಎರವಲು ತಂದು ಏರಿ, ನೋವು ತಾಳಲಾರದೆ ಹೊಸ ಪೀಠವನ್ನು ಯೋಚಿಸಿದರೆಂದು ಹೇಳುವರು. 1882ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ಕಬ್ಬಿಣದ ಚೌಕಟ್ಟಿನ ಹಿಂದೆ ಮುಂದೆ ದಪ್ಪ ತೊಗಲನ್ನು ಬಿಗಿದು ತೊಟ್ಟಿಲಿನಂತೆ ತೂಗಹಾಕುವುದೇ ಈ ಬಗೆಯ ಪೀಠದ ಗುಟ್ಟು. ತೊಗಲಿನ ಕೆಳಗೆ ಮೆತ್ತೆಯಿಲ್ಲ, ಹಲಗೆಯಿಲ್ಲ, ಗಾಳಿ ಮಾತ್ರ. ಕೂತವನ ಎಲುಬು ಒತ್ತಿದಲ್ಲಿ ತೊಗಲು ತಗ್ಗುವುದು, ಒತ್ತದಲ್ಲಿ ತಗ್ಗುವುದಿಲ್ಲ. ಕೊಂಡಾಗ ಅದು ಯಾರದೂ ಅಲ್ಲ. ಕೆಲವು ನೂರು ಮೈಲಿಗಳಾದ ಮೇಲೆ ಒಬ್ಬರದು.

ತಂದೆಯವರ ಪೀಠದ ತೊಗಲು ಹೋಗಿದ್ದರೂ ಚೌಕಟ್ಟು, ಸ್ಪ್ರಿಂಗುಗಳು, ಮೂಗಿನ ಬಿಗಿಯುವ ನಟ್ಟು ಎಲ್ಲವೂ ಗಟ್ಟಿಯಾಗಿದ್ದವು. ಚಾಚಾ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿಗೆ ನಮ್ಮನ್ನು ಕಳುಹಿಸಿದರು. ಅವರು ಚೌಕಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ ಮಾತು ಯಾವ ಕಾಲೇಜಿನ ಪಾಠಕ್ಕೂ ಕಡಿಮೆಯಲ್ಲ: “ಈಗ ಪ್ಯಾಟ್ಯಾಗ ಬರೂ ಕ್ರೋಮ್ ತೊಗಲು ಇದಕ್ಕ ನಡ್ಯಂಗಿಲ್ಲ್ರಿ. ಅದು ಮೆತ್ತಗಿರ್ತದ, ಜಗ್ಗಿದಷ್ಟೂ ಬರ್ತದ. ತೊಗಟ್ಯಾಗ ಹದಾ ಮಾಡಿದ್ದು ಬೇಕು.” ಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿ ಇವುಗಳ ಒಗರಿನಲ್ಲಿ ವಾರಗಟ್ಟಲೆ ನೆನೆಸಿ ಹದಮಾಡಿದ ತೊಗಲು ಗಡುಸಾಗಿರುವುದು, ಒದ್ದೆ ಮಾಡಿದಾಗ ಕೊಟ್ಟ ರೂಪವನ್ನು ಒಣಗಿದ ಮೇಲೂ ಬಿಡದು. ರಾಸಾಯನಿಕದಲ್ಲಿ ಬೇಗ ಹದವಾದುದಕ್ಕೆ ಈ ಗುಣವಿಲ್ಲ. ಅಂತಹ ಎಮ್ಮೆಯ ತೊಗಲು, ಐದು ಮಿಲಿಮೀಟರು ದಪ್ಪದ್ದು, ಅವರಿಗೆ ಸಿಕ್ಕಲು ಹನ್ನೆರಡು ದಿನ ಹಿಡಿಯಿತು. ಅದನ್ನು ನೀರಿನಲ್ಲಿ ನೆನೆಸಿ, ಕಟ್ಟಿಗೆಯ ಅಚ್ಚಿನ ಮೇಲೆ ಎಳೆದು ಮೊಳೆ ಹೊಡೆದು, ನೆರಳಿನಲ್ಲಿ ಒಣಗಿಸಿ, ಅಂಚು ಕೊಯ್ದು, ತಾಮ್ರದ ರಿವೆಟ್ಟುಗಳಿಂದ ಚೌಕಟ್ಟಿಗೆ ಜೋಡಿಸಿದರು.

ತೊಗಲನ್ನು ಮನೆಯೊಳಗೆ ತಂದಾಗ ನಮ್ಮ ಮನೆಯವರು ಮೂಗು ಮುರಿದರು. ಋಷಿಗಳು ಕೃಷ್ಣಾಜಿನದ ಮೇಲೆ ಕೂರುತ್ತಿದ್ದರೆಂದು ನಾವು ಶಾಸ್ತ್ರಾಧಾರ ಹೇಳಿದೆವು. “ಅವರು ಅದರ ಮ್ಯಾಲ ಸುಮ್ಮನ ಕೂಡ್ತಿದ್ರು, ಕಮಲಾಪುರಕ್ಕ ಹೋಗ್ತಿದ್ದಿಲ್ಲ” ಎಂದು ಉತ್ತರ ಬಂದಿತು. ವಾದದಲ್ಲಿ ಸೋತೆವು. ಆದರೆ ಮರುದಿನ ಅವರೇ, ಇದೇ ದಾರಿ ಹುಮನಾಬಾದಿನಿಂದ ಮುಂದೆ ಬಸವಕಲ್ಯಾಣಕ್ಕೆ ಹೋಗುವುದೆಂದೂ, ಆ ಕಲ್ಯಾಣದಲ್ಲಿ ಶರಣ ಹರಳಯ್ಯನೂ ಅವನ ಪತ್ನಿಯೂ ತಮ್ಮ ತೊಡೆಯ ಚರ್ಮದಿಂದ ಮಾಡಿತಂದ ಪಾದುಕೆಗಳನ್ನು ಬಸವಣ್ಣನವರು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತರೆಂಬ ಕಥೆಯನ್ನೂ ಮೊಮ್ಮಗಳಿಗೆ ಹೇಳುತ್ತಿದ್ದುದು ಅಡಿಗೆಮನೆಯಿಂದ ಕೇಳಿಬಂದಿತು. ಪೀಠಕ್ಕೆ ಪಡಸಾಲೆಯಲ್ಲಿ ಸ್ಥಳ ಸಿಕ್ಕಿತು.

ಹಳೆಯ ಪೀಠದ ಕೊಂಡಿ ಹೊಸ ಸೈಕಲ್ಲಿನ ಕಂಬಕ್ಕೆ ಹಿಡಿಯದುದರಿಂದ ಚಾಚಾ ಕಂಬವನ್ನೇ ಬದಲಿಸಿದರು. ಮೊದಲ ವಾರಗಳು ಕಷ್ಟದವು. ಕಲ್ಲಿನ ಮೇಲೆ ಕೂತಂತೆಯೇ ಇತ್ತು. ಅವಸರ ಮಾಡಿ ಎಣ್ಣೆ ಸುರಿದರೆ ತೊಗಲು ಜೋತುಬೀಳುವುದು. ತಳಭಾಗಕ್ಕೆ ಜೇನುಮೇಣ ಸವರಿದರೆ ಸಾಕು. ಮಳೆಗೆ ನೆನೆಯಬಾರದು, ನೆನೆದರೆ ಬಿಸಿಲಿಗಿಡದೆ ನೆರಳಿನಲ್ಲಿ ಒಣಗಿಸಬೇಕು. ಪ್ರತಿದಿನ ನಸುಕಿನಲ್ಲಿ ಕೋಟೆಯ ತನಕ ಹೋಗಿಬರುವುದನ್ನು ಅಭ್ಯಾಸ ಮಾಡಿದೆವು. 1367ರಲ್ಲಿ ಕಟ್ಟಿದ ಅಲ್ಲಿಯ ಜಾಮಾ ಮಸೀದಿಯಲ್ಲಿ ಬಯಲು ಅಂಗಳವೇ ಇಲ್ಲದೆ ಇಡೀ ಕಟ್ಟಡದ ಮೇಲೆ ಗುಮ್ಮಟಗಳು ಮುಚ್ಚಿರುವುದನ್ನು ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ನಾವು ಸರಿಯಾಗಿ ನೋಡಿರಲಿಲ್ಲ; ಪೀಠ ಹದವಾಗುವ ನೆಪದಲ್ಲಿ ನೋಡಿದೆವು. ಹೊಲಿಗೆ ದಪ್ಪವಿರುವ ಪ್ಯಾಂಟನ್ನು ಬಿಟ್ಟು ತೆಳುವಾದ ಪಾಯಿಜಾಮೆಯನ್ನು ತೊಟ್ಟೆವು. ವೈದ್ಯರ ಸೂಚನೆಯಂತೆ ಹತ್ತು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಂತು ರಕ್ತಕ್ಕೆ ದಾರಿ ಕೊಡುವುದನ್ನು ರೂಢಿ ಮಾಡಿಕೊಂಡೆವು. ಪೀಠವೆಷ್ಟು ಉತ್ತಮವಾದರೂ ಇದನ್ನು ಬಿಡತಕ್ಕದ್ದಲ್ಲ.

ಎರಡೂವರೆ ತಿಂಗಳಾದ ಮೇಲೆ, ಜನವರಿಯ ಒಂದು ಭಾನುವಾರ, ಐದೂವರೆಗೆ ಹೊರಟೆವು. ಕಪನೂರು ದಾಟುವಾಗ ಇನ್ನೂ ಮಬ್ಬು. ಕಾರ್ಖಾನೆಗಳ ಗೋಡೆ ಮುಗಿದೊಡನೆ ಎರೆಯ ಹೊಲಗಳು ಎರಡೂ ಕಡೆ ತೆರೆದವು. ತೊಗರಿಯ ಕೊಯ್ಲು ಬಹುಮಟ್ಟಿಗೆ ಮುಗಿದು, ಕಟ್ಟಿಗೆಯ ಕಂತೆಗಳು ಬದುವಿನಲ್ಲಿ ನಿಂತಿದ್ದವು, ಕಡಲೆ ಹಸುರು, ಜೋಳ ತಲೆಯೆತ್ತಿತ್ತು. ಚಳಿಗೆ ಕಿವಿ ಕೊರೆಯುತ್ತಿತ್ತು. ಮಹಾಗಾಂವ ಕ್ರಾಸಿನಲ್ಲಿ ಚಹಕ್ಕೆ ಇಳಿದಾಗ, ಇಳಿದದ್ದು ಚಹಕ್ಕಾಗಿಯೇ ಹೊರತು ನೋವಿಗಾಗಿ ಅಲ್ಲವೆಂಬುದು ಹೊಳೆಯಿತು. ಎರಡನೆಯ ಲೋಟ ಕುಡಿದೆವು. ಕುರಿಕೋಟಾ ಸೇತುವೆಯ ಮೇಲೆ ಲಾರಿಗಳಿಗೆ ದಾರಿ ಬಿಟ್ಟು ಅಂಚಿನಲ್ಲಿ ನಿಂತೆವು. ಬೆಣ್ಣೆತೊರೆಯ ಹಿನ್ನೀರು ಹೊಗೆಯಾಡುತ್ತಿತ್ತು. ಕಳೆದ ವರ್ಷ ಹೆದರಿ ನಿಂತ ಸ್ಥಳವೇ ಅದು. ತೊಡೆಯನ್ನು ಚಿವುಟಿ ನೋಡಿಕೊಂಡೆವು, ನೋಯಿತು. ಸಂತೋಷವಾಯಿತು.

ಕಮಲಾಪುರವನ್ನು ನಮ್ಮ ಕಡೆಯವರು ನೆನೆಯುವುದು ಕೆಂಪು ಬಾಳೆಗೆ. ಭೌಗೋಳಿಕ ಸೂಚಕವೆಂಬ ಸರಕಾರದ ಮುದ್ರೆಯೂ ಈ ಹಣ್ಣಿಗೆ ದೊರೆತಿದೆ. ಸಿಪ್ಪೆ ಕೆಂಪು, ತಿರುಳು ಕೆನೆಯ ಬಣ್ಣ. ಗಿಡವು ಫಲಕ್ಕೆ ಬರಲು ಸುಮಾರು ಹದಿನೆಂಟು ತಿಂಗಳು ಹಿಡಿಯುವುದರಿಂದ ಬೆಳೆಯುವವರಿಗೆ ಖರ್ಚು ಹೆಚ್ಚು, ಕೊಳ್ಳುವವರಿಗೆ ಬೆಲೆ ಹೆಚ್ಚು. ಶ್ರೀಮಂತರ ಹಣ್ಣೆಂದೇ ಹೆಸರು. ಊರ ಬಾಯಿಯಲ್ಲಿ ಅರ್ಧ ಡಜನು ಕೊಂಡು ಹಿಡಿಗೆ ತೂಗಹಾಕಿಕೊಂಡೆವು.

ಸ್ನೇಹಿತರು ಕಟ್ಟೆಯ ಮೇಲೆ ಕುಳಿತಿದ್ದರು. ಗಂಟೆಯ ಸದ್ದಿಗೆ ಎದ್ದುನಿಂತು, ನಮ್ಮ ಕೈಯನ್ನು ಹಿಡಿಯುವ ಮೊದಲು ಸೈಕಲ್ಲನ್ನು ಹಿಡಿದರು. ಪೀಠವನ್ನು ಹುಡುಕಿ, ಹಸ್ತವನ್ನಿಟ್ಟು, ಹೆಬ್ಬೆರಳು ಕಿರುಬೆರಳುಗಳನ್ನು ಚಾಚಿ ಎರಡು ತಗ್ಗುಗಳನ್ನು ಮುಟ್ಟಿದರು. ಅಷ್ಟು ಹೊತ್ತಿಗೆ ಅವು ಮೂಡಲು ಆರಂಭವಾಗಿದ್ದವು. “ಹನ್ನೆರಡಕ್ಕ ಕೂದಲೆಳಿ ಹೆಚ್ಚದ” ಎಂದರು. ಆಮೇಲೆ ಕುಳಿತು, ಬಾಳೆಯ ಸಿಪ್ಪೆ ಬಿಡಿಸುತ್ತ, “ದಾರ‍್ಯಾಗ ಏನೇನ ಇತ್ತ್ರೀ, ಪಂಡಿತರ?” ಎಂದು ಕೇಳಿದರು.

ಕಪನೂರಿನಿಂದ ಆರಂಭಿಸಿದೆವು. ಕಡಲೆಯನ್ನೂ ಜೋಳವನ್ನೂ ಹೇಳಿದೆವು, ಹಿನ್ನೀರಿನ ಹೊಗೆಯನ್ನು ಹೇಳಿದೆವು. ನೀಲಕಂಠ ಪಕ್ಷಿಯನ್ನು ಅಮರಕೋಶದ ‘ಚಾಷ’ ಎಂಬ ಹೆಸರಿನಿಂದ ಕರೆಯುವುದು ನಮ್ಮಿಬ್ಬರ ಹಳೆಯ ವಿನೋದ. ತಂತಿಯ ಮೇಲೆ ಚಾಷಗಳು ಕಂಡುವೇ ಎಂದು ವಿಚಾರಿಸಿದರು. ಏಳನ್ನು ಎಣಿಸಿದೆವೆಂದು ಹೆಮ್ಮೆಯಿಂದ ಹೇಳಿದೆವು.

“ಎಡಕ್ಕ ಎಷ್ಟು, ಬಲಕ್ಕ ಎಷ್ಟು?”

ಅದನ್ನು ನೋಡಿರಲಿಲ್ಲ. ಮರುದಿನ ಹಿಂದಿರುಗುವಾಗ ನೋಡಿ ಫೋನು ಮಾಡುವೆವೆಂದು ಹೇಳಿ, ಲೀಲಾವತಿಯನ್ನು ಬಿಚ್ಚಿದೆವು.